ಬಾಯಿಗೆ ಬೇಡದ ಬೇವು

ಅಡಿಲೇಡ್ ನಗರದ ನಡುಭಾಗದಿಂದ ಉತ್ತರಕ್ಕೆ ಹೊರಟು, ಉದ್ಯಾನಗಳ ಹಸಿರು ಪಟ್ಟಿ ದಾಟಿದರೆ ಸಿಗುವ ಬಡಾವಣೆ ಪ್ರಾಸ್ಪೆಕ್ಟ್. ಯುಗಾದಿಯ ಹಿಂದಿನ ಸಂಜೆ. ಊರಿನಲ್ಲಿ ಬೇವು ಹೂ ಬಿಡುವ ಹೊತ್ತು, ಇಲ್ಲಿ ಬೀದಿಯ ಮರಗಳು ಎಲೆ ಉದುರಿಸುವ ಹೊತ್ತು. ಹಿತ್ತಿಲಿನ ಗೋಡೆಗೆ ಒತ್ತಿ ಇಟ್ಟ ಕುಂಡದಲ್ಲಿ ಒಂದು ಬೇವಿನ ಸಸಿ ಇದೆ. ಆರು ವರ್ಷವಾದರೂ ಸೊಂಟದೆತ್ತರ ಮೀರಿಲ್ಲ, ಒಮ್ಮೆಯೂ ಹೂ ಬಿಟ್ಟಿಲ್ಲ. ಶಿರಾ ಸೀಮೆಯಿಂದ ಮೂರು ತಿಂಗಳ ಮಟ್ಟಿಗೆ ಬಂದಿರುವ ರೈತ ತಂದೆ, ಇಲ್ಲಿಯ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವ ಮಗಳು, ಇಬ್ಬರೂ ಅಡುಗೆಮನೆಯ ಮೇಜಿನ ಎದುರುಬದುರು ಕೂತಿದ್ದಾರೆ. ಎರಡು ವರ್ಷದ ಮೊಮ್ಮಗ ಒಳಕೋಣೆಯಲ್ಲಿ ಅಜ್ಜಿಯ ಪಕ್ಕ ನಿದ್ದೆ ಹೋಗಿದ್ದಾನೆ.

ತಂದೆ: ಬಾಟಲಿನ ಬೀರು ಮೇಲೆ ಎತ್ತಿಟ್ಟೆ ನೋಡು, ನಿಮ್ಮಮ್ಮನ ಮುಖ ಅಷ್ಟಾಯ್ತು. ಒಂದು ಮಾತು ಹೇಳಿ ಎತ್ತಿಡಬಹುದಿತ್ತು ಕಣಮ್ಮ.

ಮಗಳು: ಚಮಚ ಕೈಯಿಂದ ಕಿತ್ತುಕೊಂಡೆ ಅಪ್ಪಾ. ಅದು ತಪ್ಪೇ. ಆದರೆ ಆ ಗಳಿಗೆಯಲ್ಲಿ ಬಾಯಿಂದ ಮಾತು ಬರಲಿಲ್ಲ. ಅರ್ಧ ಚಮಚ ಎಣ್ಣೆ ಬಗ್ಗಿಸಿ ಮಗುವಿನ ತುಟಿ ಹತ್ತಿರ ತಂದುಬಿಟ್ಟಿದ್ದರು.

ತಂದೆ: ಎರಡು ದಿನದಿಂದ ಹುಡುಗ ನಿದ್ದೇಲಿ ಹಲ್ಲು ಕಡೀತಾನೆ, ಹೊಟ್ಟೇಲಿ ಹುಳ ಇರಬೇಕು ಅಂದುಕೊಂಡಳು. ಮುಚ್ಚಳ ತೆಗೆದು ಮೂಸಿ ನೋಡಿದರೆ ಬೇವಿನೆಣ್ಣೆ. ಮೇಲೆ ಬೇವಿನೆಲೆ ಚಿತ್ರಾನೂ ಇದೆ. ಅವಳಿಗೆ ಇಂಗ್ಲಿಷ್ ಅಕ್ಷರ ಬರಲ್ಲ, ಎಲೆ ಗುರುತು ಸಿಕ್ತು. ಈ ಪರದೇಶದಲ್ಲಿ ನಮ್ಮದೊಂದು ಸಿಕ್ಕಿತಲ್ಲ ಅಂತ ಖುಷಿ ಬೇರೆ.

ಮಗಳು: ಅದು ಗುಲಾಬಿ ಗಿಡದ ಹೇನಿಗೆ ಅಂತ ತೋಟದ ಸಾಮಾನಿನ ಅಂಗಡಿಯಿಂದ ತಂದದ್ದು. ನೀರಿನಲ್ಲಿ ಬೆರೆಯಲಿ ಅಂತ ಸೋಪಿನಂಥ ವಸ್ತು ಕೂಡಿಸಿರುತ್ತಾರೆ. ಸಣ್ಣಕ್ಷರದಲ್ಲಿ ಏನು ಬರೆದಿದೆ ನೋಡಿ: ಅಲಂಕಾರದ ಗಿಡಗಳಿಗೆ ಮಾತ್ರ, ತಿನ್ನುವ ಗಿಡಗಳಿಗೆ ಬೇಡ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ತಂದೆ: ತಿನ್ನೋ ಗಿಡಕ್ಕೂ ಬೇಡವಾ? ನಲವತ್ತು ವರ್ಷ ಕಡಲೆಕಾಯಿಗೆ, ಬದನೆಗೆ, ತೊಗರಿಗೆ ಬೇವಿನ ಬೀಜದ ಕಷಾಯ ಹೊಡೆದೋನು ನಾನು. ತಿಂದವರು ಯಾರಿಗೂ ಏನೂ ಆಗಿಲ್ಲ.

ಮಗಳು: ನೀವು ಹೊಡೆದದ್ದು ಈ ಬಾಟಲಿಯಲ್ಲಿ ಇರೋದೇ ಅಂತ ಹೇಗೆ ಹೇಳ್ತೀರಿ? ಕಷಾಯ ಮಾಡ್ತಿದ್ದ ರೀತಿ ಹೇಳಿ, ಪೂರ್ತಿ ಹೇಳಿ.

ತಂದೆ: ಜೂನ್, ಜುಲೈನಲ್ಲಿ ಹಣ್ಣು ಉದುರುತ್ತೆ. ಹೆಂಗಸರು, ಮಕ್ಕಳು ಬೆಳಿಗ್ಗೆನೇ ಹೋಗಿ ಆರಿಸಿಕೊಂಡು ಬರ್ತಾರೆ. ತಿರುಳು ಹಿಚುಕಿ, ತೊಳೆದು, ಬೀಜನ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಸತ್ವ ಹೋಗುತ್ತೆ. ಸರಿಯಾಗಿ ಒಣಗದೆ ಮೂಟೆ ಕಟ್ಟಿದರೋ, ಒಳಗೆ ಹಸಿರು ಬೂಷ್ಟು. ಅಂಥದ್ದನ್ನ ನಾನು ಮುಟ್ಟತಿರಲಿಲ್ಲ. ಸಿಪ್ಪೆ ಬಿಡಿಸಿ, ಬೇಳೆ ಕುಟ್ಟಿ, 5 ಕಿಲೋ ಪುಡಿನ ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೀರಲ್ಲಿ ನೆನೆಹಾಕೋದು. ಬೆಳಿಗ್ಗೆ ಗಂಟು ಹಿಂಡಿದರೆ ಹಾಲಿನ ಹಾಗೆ ಬೆಳ್ಳಗೆ ಇಳಿಯುತ್ತೆ. ಒಟ್ಟು 100 ಲೀಟರ್ ಮಾಡಿಕೊಂಡು, ಎಲೆಗೆ ಅಂಟಲಿ ಅಂತ ಸ್ವಲ್ಪ ಸೋಪು ಕದಡಿ, ಹೊತ್ತು ಇಳಿದ ಮೇಲೆ ಹೊಡೆಯೋದು. ಕೃಷಿ ವಿಶ್ವವಿದ್ಯಾಲಯದವರು ಶೇ 5ರ ಕಷಾಯ ಅಂತ ಹೇಳೋದು ಇದನ್ನೇ.

ಮಗಳು: ಹೊಡೆದ ತಕ್ಷಣ ಹುಳ ಸಾಯ್ತಿತ್ತಾ?

ತಂದೆ: ಎಲ್ಲಿ ಸಾಯುತ್ತೆ? ಪಕ್ಕದ ಹೊಲದೋರು ಅದಕ್ಕೇ ಆಡಿಕೊಳ್ತಿದ್ದರು. ಅವರ ಹೊಲದಲ್ಲಿ ಔಷಧಿ ಬಿದ್ದ ಸಂಜೆನೇ ಕಂಬಳಿಹುಳ ನೆಲಕ್ಕೆ ಉದುರ್ತಿತ್ತು. ನನ್ನ ಹೊಲದಲ್ಲಿ ಮಾರನೇ ದಿನವೂ ಎಲೆ ಮೇಲೇ ಕೂತಿರೋದು. ಹತ್ತಿರ ಹೋಗಿ ನೋಡಿದರೆ ಮೇಯ್ತಾ ಇರಲ್ಲ. ಮೂರ್ನಾಲ್ಕು ದಿನಕ್ಕೆ ಬಾಡಿದಂಗೆ ಆಗ್ತಿತ್ತು. ಕೆಲವು ಹುಳ ಪೊರೆ ಅರ್ಧ ಬಿಟ್ಟು, ಇನ್ನರ್ಧ ಬಾಲಕ್ಕೆ ಸುತ್ತಿಕೊಂಡು ಹಾಗೇ ಒಣಗಿ ಹೋಗಿರೋವು. ಅದನ್ನ ಅಂಗೈ ಮೇಲೆ ಇಟ್ಟುಕೊಂಡು ಎಷ್ಟೋ ಸಲ ನೋಡಿದ್ದೀನಿ.

ಮಗಳು: ಆ ಅರ್ಧ ಪೊರೆಯಲ್ಲೇ ಬೇವಿನ ಗುಟ್ಟೆಲ್ಲ ಇದೆ ಅಪ್ಪಾ. ಹುಳಕ್ಕೆ ಚರ್ಮ ಬೆಳೆಯೋದಿಲ್ಲ, ಹಳೆಯದನ್ನು ಕಳಚಿಯೇ ದೊಡ್ಡದಾಗಬೇಕು. ಕಳಚು ಅಂತ ಮೈಗೆ ಹೇಳೋದು ಎಕ್ಡೈಸೋನ್ ಅನ್ನೋ ಹಾರ್ಮೋನು. ಬೇವಿನ ಬೀಜದಲ್ಲಿರೋ ಅಜಾಡಿರಾಕ್ಟಿನ್ ಆ ಹಾರ್ಮೋನಿನ ಏರಿಳಿತವನ್ನೇ ಕೆಡಿಸುತ್ತೆ. ಜೊತೆಗೆ ಎಲೆ ಬಾಯಿಗೆ ರುಚಿಸದ ಹಾಗೆ ಮಾಡುತ್ತೆ. ನಾವು, ದನಕರು, ನಾಯಿ ಯಾರೂ ಪೊರೆ ಕಳಚುವವರಲ್ಲ. ಅದಕ್ಕೇ ಇಲಿಗಳ ಹೊಟ್ಟೆಗೆ ಒಂದು ಕಿಲೋ ತೂಕಕ್ಕೆ 5 ಗ್ರಾಂ ಲೆಕ್ಕದಲ್ಲಿ ಅಜಾಡಿರಾಕ್ಟಿನ್ ಹಾಕಿದರೂ ಅವು ಸಾಯಲಿಲ್ಲ. ಬಿಸಿಲಿನಲ್ಲಿ ಅದು ಕೆಲವೇ ದಿನಗಳಲ್ಲಿ ಒಡೆದುಹೋಗುತ್ತೆ. ನೀವು ಬೀಜವನ್ನು ನೆರಳಲ್ಲಿ ಒಣಗಿಸಿದ್ದಕ್ಕೂ, ಸಂಜೆ ಹೊತ್ತು ಸಿಂಪಡಿಸಿದ್ದಕ್ಕೂ ಅದೇ ಕಾರಣ.

ತಂದೆ: ಕಾರಣ ಗೊತ್ತಿಲ್ಲದೆಯೂ ಸರಿಯಾಗೇ ಮಾಡ್ತಿದ್ದೆವು ಅಂತಾಯ್ತು. ಹೊರಗಿನೋರು ಇದನ್ನ ಯಾವಾಗ ಕಂಡುಕೊಂಡರು?

ಮಗಳು: 1959ರಲ್ಲಿ ಸುಡಾನಿಗೆ ಮಿಡತೆ ದಂಡು ಬಂದಿತ್ತು. ಹೈನ್ರಿಷ್ ಶ್ಮುಟರರ್ ಅನ್ನೋ ಜರ್ಮನ್ ಕೀಟತಜ್ಞ ನೋಡ್ತಾರೆ: ಸುತ್ತಲಿನ ಹಸಿರೆಲ್ಲ ಬೋಳು, ಬೇವಿನ ಮರದ ಎಲೆ ಮಾತ್ರ ಹಾಗೇ ಇದೆ. 1962ರಲ್ಲಿ ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಪ್ರಧಾನ್ ಮತ್ತು ಜೊತೆಯವರು ಬೇವಿನ ಬೇಳೆ ಕದಡಿದ ನೀರನ್ನು ಬೆಳೆಗೆ ಸಿಂಪಡಿಸಿ, ಮಿಡತೆ ಅದನ್ನು ಮುಟ್ಟೋದಿಲ್ಲ ಅಂತ ತೋರಿಸಿಕೊಟ್ಟರು. 1968ರಲ್ಲಿ ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಬಟರ್‌ವರ್ತ್ ಮತ್ತು ಮಾರ್ಗನ್ ಬೀಜದಿಂದ ಅಜಾಡಿರಾಕ್ಟಿನ್ ಬೇರ್ಪಡಿಸಿದರು. ಅದನ್ನು ಪ್ರಯೋಗಾಲಯದಲ್ಲೇ ಕಟ್ಟೋದಕ್ಕೆ ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡಕ್ಕೆ 22 ವರ್ಷ ಹಿಡಿಯಿತು. ಮುಗಿದದ್ದು 2007ರಲ್ಲಿ. ಅಷ್ಟು ಜಟಿಲ ಆ ಅಣು. ಮರ ಒಂದು ಬೇಸಿಗೆಯಲ್ಲಿ ಮಾಡಿ ಮುಗಿಸೋ ಕೆಲಸ ಅದು.

ತಂದೆ: ಆ ಮರಕ್ಕಾಗಿ ನಾವು ಬೀದಿಗೆ ಇಳಿದಿದ್ದೆವಮ್ಮ. ಅಮೆರಿಕದ ಡಬ್ಲ್ಯು.ಆರ್. ಗ್ರೇಸ್ ಕಂಪನಿ ಪಿ.ಜೆ. ಮಾರ್ಗೋ ಅನ್ನೋ ಇಲ್ಲಿನ ಕಂಪನಿ ಜೊತೆ ಸೇರಿ ನಮ್ಮ ತುಮಕೂರಿನಲ್ಲೇ ಬೇವಿನ ಬೀಜದ ಘಟಕ ಶುರು ಮಾಡಿತ್ತು. ದಿನಕ್ಕೆ 20 ಟನ್ ಬೀಜ ಅರೆಯುತ್ತೆ ಅಂತ ಮಾತು. ಜಾಗತಿಕ ವ್ಯಾಪಾರ ಒಪ್ಪಂದದ ಡಂಕೆಲ್ ಕರಡು, ಪೇಟೆಂಟು, ಇವೆಲ್ಲ ರೈತ ಸಂಘದ ಸಭೆಗಳಲ್ಲೇ ನಮ್ಮ ಕಿವಿಗೆ ಬಿದ್ದ ಪದಗಳು. 1993ರ ಅಕ್ಟೋಬರಿನಲ್ಲಿ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ಕರೆ ಕೊಟ್ಟಾಗ ಹಸಿರು ಶಾಲು ಹೊದ್ದು ಬೆಂಗಳೂರಿಗೆ ಹೋದ ಲಕ್ಷಾಂತರ ಜನರಲ್ಲಿ ನಾನೂ ಒಬ್ಬ. ಮನೆ ಮುಂದಿನ ಮರದ್ದೇ ಒಂದು ರೆಂಬೆ ಕೈಯಲ್ಲಿತ್ತು. ಸಂಜೆ ಹೊತ್ತಿಗೆ ಬಾಡಿತ್ತು, ಎಸೆಯೋಕೆ ಮನಸ್ಸಾಗದೆ ಊರಿಗೇ ತಂದೆ.

ಮಗಳು: ಅದು ನನಗೆ ನೆನಪಿದೆ. ಬಾಗಿಲ ಚಿಲಕಕ್ಕೆ ಸಿಕ್ಕಿಸಿದ್ದಿರಿ.

ತಂದೆ: ಆಮೇಲೆ ಯುರೋಪಿನಲ್ಲಿ ಪೇಟೆಂಟ್ ಕೊಟ್ಟೇಬಿಟ್ಟರಲ್ಲ.

ಮಗಳು: 1994ರಲ್ಲಿ, ಗ್ರೇಸ್ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ ಸೇರಿಸಿ ಕೊಟ್ಟರು. ಬೇವಿನೆಣ್ಣೆಯಿಂದ ಶಿಲೀಂಧ್ರ ರೋಗ ತಡೆಯುವ ವಿಧಾನಕ್ಕೆ. ವಂದನಾ ಶಿವಾ, ಬೆಲ್ಜಿಯಂನ ಮಾಗ್ದಾ ಆಲ್ವೋಟ್, ಜೊತೆಗೆ ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ಸೇರಿ ಆಕ್ಷೇಪಣೆ ಹಾಕಿದರು. ಪುಣೆಯ ಕಡೆಯ ಅಭಯ್ ಫಡ್ಕೆ ಅನ್ನೋರು ಯುರೋಪಿನ ಪೇಟೆಂಟ್ ಕಚೇರಿ ಇರೋ ಮ್ಯೂನಿಕ್‌ಗೆ ಹೋಗಿ, ನಾವು ಇದನ್ನು 1980ರ ದಶಕದಲ್ಲೇ ಹೊಲದಲ್ಲಿ ಮಾಡಿ ನೋಡಿದ್ದೇವೆ ಅಂತ ಸಾಕ್ಷಿ ನುಡಿದರು. 2000ದ ಮೇ 10ರಂದು ಪೇಟೆಂಟ್ ರದ್ದಾಯಿತು. ಮೇಲ್ಮನವಿಯೂ 2005ರ ಮಾರ್ಚ್ 8ರಂದು ಬಿದ್ದುಹೋಯಿತು.

ತಂದೆ: ತಲೆತಲಾಂತರದಿಂದ ನಾವು ಬಳಸಿದ್ದೇವೆ. ಮೊದಲೇ ನಮ್ಮಲ್ಲಿ ಬಳಕೆಯಲ್ಲಿತ್ತು ಅಂತ ಮ್ಯೂನಿಕ್ಕಿನೋರೇ ಒಪ್ಪಿಕೊಂಡರು. ಹೀಗಿರೋವಾಗ ನಿಮ್ಮಮ್ಮ ತೆಗೆದುಕೊಂಡ ಅರ್ಧ ಚಮಚಕ್ಕೆ ನೀನು ಯಾಕೆ ಇಷ್ಟು ಹೆದರಬೇಕು?

ಮಗಳು: ಅಲ್ಲೇ ನಾವು ಎಡವೋದು ಅಪ್ಪಾ. ಹಳೆಯ ಕಾಲದಿಂದ ಬಳಸಿದ್ದೇವೆ ಅನ್ನೋದು ಬೇವು ಯಾರದು ಅನ್ನೋ ಪ್ರಶ್ನೆಗೆ ಸಾಕ್ಷಿ. ಅದರಲ್ಲಿ ನೀವು ಗೆದ್ದಿರಿ, ಗೆಲ್ಲಲೇಬೇಕಿತ್ತು. ಆದರೆ ಬೇವು ಎಷ್ಟು, ಯಾರಿಗೆ, ಯಾವ ಭಾಗ ಅನ್ನೋ ಪ್ರಶ್ನೆಗೆ ಅದೇ ಸಾಕ್ಷಿ ಸಾಲದು. ಮೊದಲನೆಯದರ ಗೆಲುವನ್ನು ತಂದು ಎರಡನೆಯದಕ್ಕೂ ಉತ್ತರ ಅಂತ ಇಟ್ಟುಬಿಡ್ತೇವೆ.

ತಂದೆ: ಈಗ ತಾನೇ ಹೇಳಿದೆ, ಇಲಿ ಸಾಯಲಿಲ್ಲ ಅಂತ.

ಮಗಳು: ಅದು ಅಜಾಡಿರಾಕ್ಟಿನ್ ಮಾತು. ಎಣ್ಣೆ ಬೇರೆ. ನಿಮ್ಮ ಕಷಾಯ ನೀರಿಗೆ ಇಳಿದ ಅಂಶ. ಗಾಣದಲ್ಲಿ ಹಿಂಡಿದ ಎಣ್ಣೆಯಲ್ಲಿ ಕೊಬ್ಬಿನಾಮ್ಲಗಳಿವೆ, ಗಂಧಕದ ನಾತ ಇದೆ, ಬೇರೆ ಬೇರೆ ಕಹಿ ವಸ್ತುಗಳು ಎಷ್ಟೋ ಇವೆ. ನೀವು ಮುಟ್ಟದ ಆ ಬೂಷ್ಟು ಬೀಜ ಗಾಣಕ್ಕೆ ಹೋದರೆ ಅಫ್ಲಾಟಾಕ್ಸಿನ್ ಅನ್ನೋ ವಿಷವೂ ಸೇರಬಹುದು, ಅದು ನೇರ ಪಿತ್ತಜನಕಾಂಗಕ್ಕೆ ಪೆಟ್ಟು. ಎಲೆ, ಹೂವು, ತೊಗಟೆ, ಬೀಜ, ಎಣ್ಣೆ, ಎಲ್ಲಕ್ಕೂ ನಾವು ಬೇವು ಅಂತ ಒಂದೇ ಹೆಸರು ಹೇಳ್ತೇವೆ. ಹೊಟ್ಟೆಗೆ ಹೋದ ಮೇಲೆ ಅವು ಒಂದೊಂದೂ ಬೇರೆ.

ತಂದೆ: ಎಣ್ಣೆಯಿಂದ ಮಕ್ಕಳಿಗೆ ಏನಾದರೂ ಆಗಿದ್ದು ಉಂಟಾ? ಅಂದಾಜು ಬೇಡ, ಆದದ್ದು ಹೇಳು.

ಮಗಳು: ಆಗಿದೆ. ಮಲೇಷ್ಯಾದಲ್ಲಿ. ಅಲ್ಲೂ ನಮ್ಮ ದಕ್ಷಿಣದವರ ಮನೆಗಳಲ್ಲಿ ಬೇವಿನೆಣ್ಣೆ ಮನೆಮದ್ದು. 1981ರಲ್ಲಿ ಸಿನ್ನಯ್ಯ ಮತ್ತು ಭಾಸ್ಕರನ್ ಅನ್ನೋ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನೆಗಡಿ, ಕೆಮ್ಮು ಅಂಥ ಸಣ್ಣ ಕಾಯಿಲೆಗೆ ಎಣ್ಣೆ ಕುಡಿಸಿದ ಹಸುಗೂಸುಗಳು, ಪುಟ್ಟ ಮಕ್ಕಳು. ಕೊಟ್ಟದ್ದು 5ರಿಂದ 30 ಮಿಲಿಲೀಟರ್. ಐದು ಅಂದರೆ ಒಂದು ಟೀ ಚಮಚ. ಕೆಲವೇ ಗಂಟೆಗಳಲ್ಲಿ ವಾಂತಿ, ಮಂಪರು, ಏದುಸಿರು, ಆಮೇಲೆ ಸೆಳೆತದ ಮೇಲೆ ಸೆಳೆತ. ರಕ್ತ ಆಮ್ಲವಾಗುತ್ತೆ, ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತೆ. ರೈಸ್ ಸಿಂಡ್ರೋಮ್ ಅನ್ನೋ ಕಾಯಿಲೆಯದ್ದೇ ಚಹರೆ. ಪ್ರಾಣಿಗಳಿಗೆ ಎಣ್ಣೆ ಕೊಟ್ಟು ನೋಡಿದಾಗ, ಜೀವಕೋಶಕ್ಕೆ ಶಕ್ತಿ ಒದಗಿಸೋ ಮೈಟೊಕಾಂಡ್ರಿಯಕ್ಕೇ ಏಟು ಬಿದ್ದದ್ದು ಕಂಡಿತು. ನಮ್ಮ ದೇಶದಲ್ಲೂ ಆಗಿದೆ. 2008ರಲ್ಲಿ ಇಂಡಿಯನ್ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಒಂದು 5 ವರ್ಷದ ಮಗುವಿನ ವರದಿ ಬಂತು. ಔಷಧಿಗೆ ಬಗ್ಗದ ಸೆಳೆತ. ಇದಕ್ಕೆ ಪ್ರತಿವಿಷ ಅಂತ ಇಲ್ಲ ಅಪ್ಪಾ. ಆಸ್ಪತ್ರೆಯಲ್ಲಿ ಉಸಿರು, ರಕ್ತ, ಸೆಳೆತ ನೋಡಿಕೊಳ್ಳಬೇಕು, ಅಷ್ಟೇ. ಅಪ್ಪಾ? ಯಾಕೆ ಸುಮ್ಮನಾದಿರಿ?

ತಂದೆ: ವಾಂತಿ ಮೊದಲು ಅಂದೆಯಾ? ಆಮೇಲೆ ಮಂಪರು?

ಮಗಳು: ಹೌದು.

ತಂದೆ: ನನಗೊಬ್ಬ ತಮ್ಮ ಇದ್ದ. ನಿನಗೆ ಹೇಳಿಲ್ಲ, ನಮ್ಮವ್ವ ಹೋದ ಮೇಲೆ ಯಾರೂ ಅವನ ಮಾತು ಎತ್ತಿಲ್ಲ. ಎಂಟು ತಿಂಗಳ ಕೂಸು. ನನಗೆ ಆಗ ಏಳೋ ಎಂಟೋ. ಎದೆ ಕಟ್ಟಿತ್ತು ಅಂತ ಪಕ್ಕದ ಮನೆಯ ಅಜ್ಜಿ ಬೇವಿನೆಣ್ಣೆ ಕುಡಿಸಿದಳು. ಒಳಲೆಯಲ್ಲಿ ಕುಡಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಕೂಸು ಉಗುಳಬಾರದು ಅಂತ ಮೂಗು ಹಿಡಿದಿದ್ದಳು. ಮಧ್ಯಾಹ್ನ ವಾಂತಿ ಆಯ್ತು. ಕಫ ಕಿತ್ತುಕೊಂಡು ಬಂತು, ಒಳ್ಳೇದೇ ಆಯ್ತು ಅಂದರು. ಆಮೇಲೆ ಮಲಗಿಬಿಟ್ಟ. ನಿದ್ದೆ ಹತ್ತಿತು ಅಂದರು. ದೀಪ ಹಚ್ಚೋ ಹೊತ್ತಿಗೆ ಕೈಕಾಲು ಸೆಟೆದುಕೊಂಡವು. ಬಾಲಗ್ರಹ ಅಂದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ತೊಟ್ಟಿಲಿಗೂ ಕಟ್ಟಿದರು. ಬೆಳಗಾಗೋದರೊಳಗೆ ಹೋದ.

ಮಗಳು: ಅಪ್ಪಾ, ಅದು ಎಣ್ಣೆಯಿಂದಲೇ ಅಂತ ಇಷ್ಟು ವರ್ಷದ ಮೇಲೆ ಯಾರೂ ಹೇಳೋಕೆ ಆಗಲ್ಲ. ಎದೆಯ ಕಾಯಿಲೆಯಲ್ಲಿ, ಜ್ವರದಲ್ಲಿ ಕೂಸುಗಳಿಗೆ ಸೆಳೆತ ಬರುತ್ತೆ.

ತಂದೆ: ಗೊತ್ತು. ಆ ಅಜ್ಜಿ ಮೇಲೂ ನನಗೆ ಸಿಟ್ಟಿಲ್ಲ. ಅವನು ಹೋದ ಮೇಲೆ ನಮ್ಮವ್ವನಿಗಿಂತ ಹೆಚ್ಚು ಅತ್ತವಳು ಅವಳು. ಆದರೆ ಒಂದು ಯೋಚನೆ ಮಾಡು. ಅವತ್ತು ಒಬ್ಬರ ಬಾಯಲ್ಲೂ ಎಣ್ಣೆ ಅನ್ನೋ ಮಾತು ಬರಲಿಲ್ಲ. ವಾಂತಿಗೆ ಒಂದು ಹೆಸರು, ಮಂಪರಿಗೆ ಒಂದು ಹೆಸರು, ಸೆಳೆತಕ್ಕೆ ಇನ್ನೊಂದು ಹೆಸರು ಸಿಕ್ತು. ಎಣ್ಣೆ ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ. ತಲೆತಲಾಂತರದಿಂದ ಕೊಟ್ಟಿದ್ದೇವೆ, ಏನೂ ಆಗಿಲ್ಲ ಅಂತ ನಾನೂ ಈಗ ಹೇಳಿದೆನಲ್ಲ. ಆದದ್ದನ್ನೆಲ್ಲ ಬಾಲಗ್ರಹದ ಖಾತೆಗೆ ಬರೆದ ಮೇಲೆ ಬೇವಿನ ಖಾತೆಯಲ್ಲಿ ಏನು ಉಳಿಯುತ್ತೆ?

ಮಗಳು: ಲೆಕ್ಕ ಇಡೋದು ಅಂದರೆ ಅದೇ ಅಪ್ಪಾ. ಗುಣವಾದವರನ್ನೂ ಬರೆಯಬೇಕು, ಆಗದೆ ಹೋದವರನ್ನೂ ಬರೆಯಬೇಕು. ಇಲ್ಲಿ ಆಸ್ಟ್ರೇಲಿಯಾದಲ್ಲಿ ವಿಷವಸ್ತುಗಳ ಪಟ್ಟಿ ಅಂತ ಒಂದು ರಾಷ್ಟ್ರೀಯ ದಾಖಲೆ ಇದೆ. ಅದರ 10ನೇ ಅನುಸೂಚಿಯಲ್ಲಿ ಬೇವಿನ ಹೆಸರಿದೆ. ಕಹಿ ತೆಗೆದ ಎಣ್ಣೆಯೊಂದನ್ನು ಬಿಟ್ಟು, ಬೇವಿನಿಂದ ಮಾಡಿದ, ಹೊಟ್ಟೆಗೆ ತೆಗೆದುಕೊಳ್ಳುವ ತಯಾರಿಕೆಗಳನ್ನು ಮಾರುವಂತಿಲ್ಲ. ಮೊದಲ ಸಲ ಅದನ್ನು ಓದಿದಾಗ ನನಗೂ ನೋವಾಗಿತ್ತು. ನಮ್ಮ ಮನೆದೇವರನ್ನು ಯಾರೋ ಠಾಣೆಗೆ ಕರೆದುಕೊಂಡು ಹೋದ ಹಾಗೆ. ಇದೇ ದೇಶದ ಉತ್ತರಕ್ಕೆ, ಡಾರ್ವಿನ್ ಕಡೆ, ಬೇವಿನ ಮರ ಹೊಳೆದಂಡೆಗಳನ್ನೆಲ್ಲ ಆವರಿಸಿ ಕಳೆ ಅಂತ ಘೋಷಣೆಯಾಗಿದೆ. ಅದನ್ನು ಕೇಳಿದಾಗಲೂ ಹಾಗೇ ಆಯಿತು. ಆಮೇಲೆ ಮಲೇಷ್ಯಾದ ವರದಿಗಳನ್ನು ಓದಿದೆ. ಬೇವಿನೆಣ್ಣೆ ವೀರ್ಯಾಣುಗಳನ್ನು ಕೊಲ್ಲುತ್ತೆ ಅಂತ ನಮ್ಮ ದೇಶದ ವಿಜ್ಞಾನಿಗಳೇ ಗರ್ಭನಿರೋಧಕ ಮಾಡೋಕೆ ಹೊರಟದ್ದನ್ನು ಓದಿದೆ. ಬಸುರಿಯರು ಅದನ್ನು ಒಳಗೆ ತೆಗೆದುಕೊಳ್ಳಬಾರದು ಅಂತ ಎಚ್ಚರಿಸೋದೂ ಅಂಥ ಅಧ್ಯಯನಗಳ ಕಾರಣಕ್ಕೇ.

ತಂದೆ: ಗಿಡದಿಂದ ಬಂದದ್ದು ಅಂದರೆ ಸೌಮ್ಯ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಮಗಳು: ಎಲ್ಲ ದೇಶದವರ ತಲೆಯಲ್ಲೂ ಕೂತಿದೆ. ಡೆರಿಸ್ ಅನ್ನೋ ಬಳ್ಳಿಯ ಬೇರಿನಲ್ಲಿ ರೋಟಿನೋನ್ ಅಂತ ಕೀಟನಾಶಕ ಇದೆ. ನಿಸರ್ಗದ್ದು ಅಂತ ತರಕಾರಿ ತೋಟಗಳಿಗೆ ಅದರ ಪುಡಿಯನ್ನು ಎಷ್ಟೋ ದಶಕ ಉದುರಿಸಿದರು. 2000ದಲ್ಲಿ ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ಇಲಿಗಳ ರಕ್ತಕ್ಕೆ ಅದನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ನೋಡಿದರು. ಅವುಗಳಿಗೆ ಪಾರ್ಕಿನ್ಸನ್ ಕಾಯಿಲೆಯಂಥ ನಡುಕ, ಬಿಗಿತ ಬಂತು. 2011ರಲ್ಲಿ ಅಲ್ಲಿನ ಕೃಷಿಕರನ್ನು ಅಧ್ಯಯನ ಮಾಡಿದಾಗ, ರೋಟಿನೋನ್ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತು. ಇಲ್ಲಿ ಟಾಸ್ಮೇನಿಯಾದಲ್ಲಿ ಸೇವಂತಿಗೆ ಕುಟುಂಬದ ಒಂದು ಬಿಳಿ ಹೂವನ್ನು ಹೊಲಗಟ್ಟಲೆ ಬೆಳೀತಾರೆ, ಅದರಿಂದ ಪೈರೆಥ್ರಮ್ ತೆಗೀತಾರೆ. ನಮ್ಮ ದೇಹ ಅದನ್ನು ಬೇಗ ಒಡೆದು ಹೊರಹಾಕುತ್ತೆ, ಆದರೆ ಮೀನಿಗೆ ಅದು ಘೋರ ವಿಷ. ಮೂರೂ ಗಿಡದ್ದೇ ಅಪ್ಪಾ. ಗಿಡದ್ದು ಅನ್ನೋ ಒಂದು ಮಾತಿನಿಂದ ಮೂರರ ಗುಣವೂ ತಿಳಿಯಲ್ಲ.

ತಂದೆ: ಹಾಗಾದರೆ ಬೇವಿನ ಮದ್ದಿನ ಗುಣ ಅನ್ನೋದೆಲ್ಲ ಸುಳ್ಳಾ?

ಮಗಳು: ಯಾರು ಹೇಳಿದರು ಸುಳ್ಳು ಅಂತ? ನೀವು ಬೆಳಿಗ್ಗೆ ಬೇವಿನ ಕಡ್ಡಿ ಅಗಿದು ಹಲ್ಲುಜ್ಜಿದವರು. 2004ರಲ್ಲಿ ಮಣಿಪಾಲದವರ ಒಂದು ಅಧ್ಯಯನ ಬಂತು. 36 ಜನ ಹುಡುಗರು, ಆರು ವಾರ. ಬೇವಿನೆಲೆಯ ಸಾರದ ಜೆಲ್ ಒಂದು ಕಡೆ, ದಂತವೈದ್ಯರು ಬರೆದುಕೊಡೋ ಕ್ಲೋರ್‌ಹೆಕ್ಸಿಡಿನ್ ಇನ್ನೊಂದು ಕಡೆ. ಹಲ್ಲಿನ ಮೇಲೆ ಕಟ್ಟೋ ಪಾಚಿ, ಬ್ಯಾಕ್ಟೀರಿಯಾ ಎರಡೂ ಬೇವಿನ ಜೆಲ್‌ನಿಂದ ಚೆನ್ನಾಗಿ ಇಳಿದವು. ತಮಿಳುನಾಡಿನಲ್ಲಿ 814 ಜನ ಕಜ್ಜಿಯವರಿಗೆ ಬೇವಿನ ಸೊಪ್ಪು, ಅರಿಶಿನ ಅರೆದು ಹಚ್ಚಿದರು. 1992ರ ವರದಿಯ ಪ್ರಕಾರ ಶೇ 97ರಷ್ಟು ಜನಕ್ಕೆ ಎರಡು ವಾರದ ಆಸುಪಾಸಿನಲ್ಲಿ ವಾಸಿಯಾಯಿತು. ಬೇರೆ ಮದ್ದಿನ ಜೊತೆ ಹೋಲಿಸಿ ನೋಡಲಿಲ್ಲ ಅನ್ನೋದು ಅದರ ಕೊರತೆ. ಆದರೂ ಎಂಥ ಒಳ್ಳೆಯ ಶುರು! ನನಗೆ ದುಃಖ ಅದೇ. ಕ್ಯಾನ್ಸರ್ ವಾಸಿ ಅಂತ ಫೋನಿನಲ್ಲಿ ಸಂದೇಶ ಹರಿದಾಡುತ್ತೆ. ಅದರ ಹಿಂದೆ ಇರೋದು ಬಹುಪಾಲು ಗಾಜಿನ ತಟ್ಟೆಯ ಜೀವಕೋಶ, ಇಲಿಗಳ ಮೇಲಿನ ಪ್ರಯೋಗ. ಮನುಷ್ಯರ ಹಲ್ಲಿನ ಮೇಲೆ, ಚರ್ಮದ ಮೇಲೆ ನಿಂತ ಕೆಲಸವನ್ನು ಯಾರೂ ಕಳಿಸಲ್ಲ.

ತಂದೆ: ಸಕ್ಕರೆ ಕಾಯಿಲೆಗೆ?

ಮಗಳು: ನೀವು ಕೇಳೋ ಧಾಟಿ ನೋಡಿದರೆ ಏನೋ ಇದೆ ಅನ್ನಿಸುತ್ತೆ.

ತಂದೆ: ಊರಲ್ಲಿ ದಿನಾ ಬೆಳಿಗ್ಗೆ ಒಂದು ಹಿಡಿ ಎಲೆ ಅರೆದು ರಸ ಕುಡೀತೀನಿ. ಮಾತ್ರೆ ಜೊತೆಗೇ. ಡಾಕ್ಟರಿಗೆ ಹೇಳಿಲ್ಲ. ಇಲ್ಲಿಗೆ ಬಂದ ಮೇಲೆ ನಿನ್ನ ಕುಂಡದ ಗಿಡ ನೋಡಿ ಕೀಳೋಕೆ ಮನಸ್ಸು ಬರಲಿಲ್ಲ.

ಮಗಳು: ಅಪ್ಪಾ! ಕೇಳಿ. ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಸಕ್ಕರೆ ಕಾಯಿಲೆಯ 80 ಜನಕ್ಕೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದವರಿಗೇ, ಬೇವಿನ ಎಲೆ ಮತ್ತು ಕಡ್ಡಿಯ ಸಾರವನ್ನು 12 ವಾರ ಕೊಟ್ಟು ನೋಡಿದ್ದಾರೆ. 2020ರಲ್ಲಿ ಪ್ರಕಟವಾಯಿತು. ಸಕ್ಕರೆ ಇಳಿಯಿತು. ಅಂದರೆ ನೀವು ಕುಡಿಯೋದು ಬರೀ ಕಹಿನೀರಲ್ಲ, ಕೆಲಸ ಮಾಡೋ ವಸ್ತು. ಕೆಲಸ ಮಾಡುತ್ತೆ ಅಂದ ಮೇಲೆ ಮಾತ್ರೆಯ ಜೊತೆ ಕೂಡಿ ಸಕ್ಕರೆಯನ್ನು ಬೇಕಾದ್ದಕ್ಕಿಂತ ಕೆಳಗೆ ಇಳಿಸಲೂಬಹುದು. ಅವರು ಮಿಲಿಗ್ರಾಂ ಲೆಕ್ಕ ಹಾಕಿ ಕೊಟ್ಟರು. ನಿಮ್ಮ ಹಿಡಿಯ ಲೆಕ್ಕ ಯಾರ ಹತ್ತಿರ ಇದೆ? ಊರಲ್ಲಿ ಎಂದಾದರೂ ಬೆಳಿಗ್ಗೆ ಕೈ ನಡುಗಿ ಬೆವರಿದ್ದು ಉಂಟಾ?

ತಂದೆ: ಎರಡು ಮೂರು ಸಲ. ಬಿಸಿಲಿಗೆ ಅಂದುಕೊಂಡೆ.

ಮಗಳು: ಅದಕ್ಕೂ ಬಾಲಗ್ರಹದಂಥದ್ದೇ ಒಂದು ಹೆಸರು ಕೊಟ್ಟುಬಿಟ್ಟಿರಿ. ಊರಿಗೆ ಹೋದ ಮೇಲೆ ರಸದ ವಿಷಯ ಡಾಕ್ಟರಿಗೆ ಹೇಳಬೇಕು. ಮಾತು ಕೊಡಿ.

ತಂದೆ: ಹೇಳ್ತೀನಿ. ಹೇಳಿದರೆ ಬೈತಾರೆ ಅಂತ ಬಾಯಿಬಿಟ್ಟಿರಲಿಲ್ಲ.

ಮಗಳು: ಬೈಯ್ಯೋ ಡಾಕ್ಟರಿಗೆ ಜನ ಹೇಳೋದು ನಿಲ್ಲಿಸ್ತಾರೆ, ಅವರ ಲೆಕ್ಕವೂ ಅಲ್ಲಿಗೆ ತಪ್ಪುತ್ತೆ. ಅದು ನಮ್ಮಂಥವರ ತಪ್ಪು. ಇವತ್ತು ಅಮ್ಮನ ಕೈಯಿಂದ ಚಮಚ ಕಿತ್ತುಕೊಂಡೆನಲ್ಲ, ಅದೂ ಅಂಥದ್ದೇ. ಇನ್ನು ಮೇಲೆ ಅಮ್ಮ ನನಗೆ ತೋರಿಸಿಯೇ ಕೊಡ್ತಾರೋ, ನಾನಿಲ್ಲದಾಗ ಕೊಡ್ತಾರೋ, ಯಾರಿಗೆ ಗೊತ್ತು?

ತಂದೆ: ಅವಳಿಗೆ ನಾನು ಹೇಳ್ತೀನಿ. ನನ್ನ ತಮ್ಮನ ವಿಷಯ ಅವಳಿಗೂ ಗೊತ್ತಿಲ್ಲ. ನೀನು ಹುಡುಗನ್ನ ನಾಳಿದ್ದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಹುಳ ಇದ್ದರೆ ಅವರೇ ಮದ್ದು ಕೊಡಲಿ. ಇಲ್ಲೇನಾದರೂ ಕೈತಪ್ಪಿ ಮಗು ಕುಡಿದರೆ ಏನು ಮಾಡೋದು, ಅದನ್ನೂ ಹೇಳು. ನೀನೂ ನಿನ್ನ ಗಂಡನೂ ಕೆಲಸಕ್ಕೆ ಹೋದಾಗ ಮನೆಯಲ್ಲಿ ಇರೋರು ನಾವೇ.

ಮಗಳು: ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ವಿಷ ಮಾಹಿತಿ ಕೇಂದ್ರದ ಫೋನು 13 11 26, ಹಗಲು ರಾತ್ರಿ ಯಾವಾಗಲಾದರೂ ಎತ್ತುತ್ತಾರೆ. ಮಗು ಮಂಕಾದರೆ, ಸೆಳೆತ ಬಂದರೆ 000ಗೆ. ಮಕ್ಕಳ ಆಸ್ಪತ್ರೆ ನಾರ್ತ್ ಅಡಿಲೇಡ್‌ನಲ್ಲಿದೆ, ಕಾರಿನಲ್ಲಿ ಹತ್ತು ನಿಮಿಷ. ಬಾಟಲಿಯನ್ನೂ ಜೊತೆಗೆ ಒಯ್ಯಬೇಕು.

ತಂದೆ: ಆ ಬಾಟಲಿ ಇಳಿಸು.

ಮಗಳು: ಯಾಕೆ? ಎಸೆದುಬಿಡೋಣ ಅಂತೀರಾ?

ತಂದೆ: ಗುಲಾಬಿಗೆ ಹೇನು ಹತ್ತಿದ್ದು ಸುಳ್ಳಲ್ಲವಲ್ಲ, ಅದಕ್ಕೆ ಇದು ಒಳ್ಳೇ ಮದ್ದೇ. ಒಂದು ಬಿಳೀ ಕಾಗದ ಕೊಡು, ದಪ್ಪ ಬರೆಯೋ ಪೆನ್ನು ಕೊಡು. ಮ್ಯೂನಿಕ್ಕಿನೋರಿಗೆ ಅರ್ಥ ಆಗೋ ಹಾಗೆ ಅವರ ಭಾಷೆಯಲ್ಲಿ ಹೇಳಿ ಗೆದ್ದೆವಲ್ಲ. ಇವರು ಬರೆದ ಎಚ್ಚರಿಕೆ ನಿಮ್ಮಮ್ಮನಿಗೆ ಅರ್ಥ ಆಗೋ ಭಾಷೆಯಲ್ಲಿ ಇರಲಿಲ್ಲ. ಎಲೆಯ ಚಿತ್ರವೊಂದೇ ಅವಳು ಓದಿದ್ದು.

ಮಗಳು: ಇಲ್ಲಿ ನಮ್ಮೂರಿನ ಅಜ್ಜ ಅಜ್ಜಿಯರು ಇರೋ ಮನೆಗಳು ಎಷ್ಟಿವೆ ಅಪ್ಪಾ! ನಾಳೆ ಯುಗಾದಿ ಕೂಟಕ್ಕೆ ಎಲ್ಲರೂ ಬರ್ತಾರೆ. ನಾನೂ ಒಂದಷ್ಟು ಚೀಟಿ ಬರೆದು ಒಯ್ತೀನಿ.

ತಂದೆ: ಬರಿ. ಬೇವಿನ ರೆಂಬೆ ಹಿಡಿದು ಹೋದವನ ಮಗಳು ನೀನು. ನಾಳೆ ಬೇವು ಬೆಲ್ಲಕ್ಕೆ ಕುಂಡದ ಗಿಡದಲ್ಲಿ ನಾಲ್ಕು ಚಿಗುರು ಕೀಳ್ತೀನಿ, ದೊಡ್ಡವರಿಗೆ ಒಬ್ಬೊಬ್ಬರಿಗೆ ಒಂದು. ಹುಡುಗನಿಗೆ ಬೆಲ್ಲ ಸಾಕು. ಅವನು ದೊಡ್ಡೋನಾದ ಮೇಲೆ ಕಹಿ ತಿನ್ನಲಿ.

ಮಗಳು ಕಾಗದ, ಪೆನ್ನು ತಂದು ಕೊಟ್ಟಳು. ತಂದೆ ಕನ್ನಡಕ ಏರಿಸಿಕೊಂಡು, ಎಲೆಯ ಚಿತ್ರ ಪೂರ್ತಿ ಮುಚ್ಚುವಷ್ಟು ಅಗಲದ ಚೀಟಿಯ ಮೇಲೆ ದುಂಡಗೆ ಬರೆದರು: ಗಿಡಕ್ಕೆ ಮಾತ್ರ. ಬಾಯಿಗೆ ಬೇಡ. ಅಂಟಿಸಿ, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿ, ಬಾಟಲಿ ಹಿಡಿದುಕೊಂಡು ಹೆಂಡತಿ ಮಲಗಿದ್ದ ಕೋಣೆಯ ಕಡೆ ಎದ್ದು ಹೋದರು.